ಕಿವಿ ಮೇಲೆ ಹೂ ಇಟ್ಟ ನಿಘಂಟು

ಮೊನ್ನೆ ನಮ್ಮ ಆಫೀಸಿನ ಹುಡುಗನೊಬ್ಬ ಮೊಬೈಲ್ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದ. ಯಾರಿಗೋ ಹೂ ಕೊಡಬೇಕಂತೆ. ಕೆಂಪು ಗುಲಾಬಿ ಕೊಟ್ಟರೆ ಪ್ರೀತಿ, ಹಳದಿ ಕೊಟ್ಟರೆ ಬರೀ ಸ್ನೇಹ, ಬಿಳಿ ಕೊಟ್ಟರೆ ಇನ್ನೇನೋ. "ಸಾರ್, ತಪ್ಪು ಬಣ್ಣ ಕೊಟ್ಟರೆ ಕೆಟ್ಟೆ" ಅಂದ. ನನಗೆ ನಗು ಬಂತು. ಈ ಹೂವಿನ ನಿಘಂಟನ್ನು ಬರೆದವರು ಯಾರು ಅಂತ ಹುಡುಕುತ್ತಾ ಹೋದರೆ ಕಥೆ ಮಜವಾಗಿದೆ.

ಕಥೆ ಶುರುವಾಗುವುದು ಇಸ್ತಾಂಬುಲ್‌ನಲ್ಲಿ. ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು ಅಂತ ಒಬ್ಬ ಇಂಗ್ಲಿಷ್ ಹೆಂಗಸು, ಆಟೊಮನ್ ಸಾಮ್ರಾಜ್ಯಕ್ಕೆ ಬಂದಿದ್ದ ಬ್ರಿಟಿಷ್ ರಾಯಭಾರಿಯ ಹೆಂಡತಿ. ಅಲ್ಲಿ ಸಿಡುಬಿಗೆ ಚುಚ್ಚುವ ಪದ್ಧತಿ ನೋಡಿ ಅದನ್ನು ಇಂಗ್ಲೆಂಡಿನಲ್ಲಿ ಬಳಕೆಗೆ ತಂದವಳೂ ಇವಳೇ. 1718ರಲ್ಲಿ ಗೆಳತಿಗೆ ಬರೆದ ಕಾಗದದಲ್ಲಿ ಅವಳೊಂದು ವಿಚಿತ್ರ ಪ್ರೇಮಪತ್ರದ ಸುದ್ದಿ ಕೊಟ್ಟಳು. ಅಕ್ಷರವೇ ಇಲ್ಲದ ಪತ್ರ! ಸಣ್ಣ ಚೀಲದೊಳಗೆ ಮುತ್ತು, ಲವಂಗ, ಸೋಪು, ಇದ್ದಿಲು, ಪೇರ್ ಹಣ್ಣು, ಗುಲಾಬಿ... ಒಂದೊಂದಕ್ಕೂ ಒಂದೊಂದು ಸಾಲಿನ ಅರ್ಥ. ಅವಳು ತೀರಿಕೊಂಡ ಮರುವರ್ಷ, 1763ರಲ್ಲಿ, ಈ ಕಾಗದಗಳು ಅಚ್ಚಾದವು. ಪೂರ್ವದೇಶದಲ್ಲಿ ಹೂಗಳು ಮಾತಾಡುತ್ತವಂತೆ ಅಂತ ಯೂರೋಪಿನಲ್ಲಿ ಗುಲ್ಲಾಯಿತು.

ಗಮನಿಸಿ, ಆ ಚೀಲದಲ್ಲಿ ಹೂವಿಗಿಂತ ದಿನಸಿಯೇ ಹೆಚ್ಚು! 1809ರಲ್ಲಿ ಜೋಸೆಫ್ ಫಾನ್ ಹಾಮರ್ ಎಂಬ ಆಸ್ಟ್ರಿಯಾದ ವಿದ್ವಾಂಸ ಗುಟ್ಟು ಬಿಡಿಸಿದ. ಅದು ಜನಾನಾದ ಹೆಂಗಸರು ತಮ್ಮೊಳಗೆ ಹೊತ್ತು ಕಳೆಯಲು ಆಡುತ್ತಿದ್ದ ಪ್ರಾಸದ ಆಟ. ತುರ್ಕಿ ಭಾಷೆಯಲ್ಲಿ ಪೇರ್ ಹಣ್ಣು 'ಅರ್ಮುತ್', ಭರವಸೆ 'ಉಮುತ್'. ಹಾಗಾಗಿ ಪೇರ್ ಹಣ್ಣು ಕಳಿಸಿದರೆ ಭರವಸೆ ಕೊಡು ಅಂತ. ನಾವು ಬೆಲ್ಲ ಕಳಿಸಿ "ನೀ ಬಿಟ್ಟರೆ ನನಗಾರೂ ಇಲ್ಲ" ಅಂದ ಹಾಗೆ. ಅಷ್ಟೇ.

ಆದರೆ ಯಾರು ಕೇಳುತ್ತಾರೆ? 1819ರಲ್ಲಿ ಪ್ಯಾರಿಸ್‌ನಲ್ಲಿ ಶಾರ್ಲೊಟ್ ದ ಲಾತೂರ್ ಎಂಬ ಕಾವ್ಯನಾಮದಲ್ಲಿ 'ಹೂಗಳ ಭಾಷೆ' ಅಂತಲೇ ಒಂದು ಪುಸ್ತಕ ಬಂತು. ಅದನ್ನು ನೋಡಿ ಇಂಗ್ಲೆಂಡ್, ಅಮೆರಿಕಗಳಲ್ಲೂ ಸಾಲುಸಾಲಾಗಿ ನಿಘಂಟುಗಳು ಬಂದವು. ಉಡುಗೊರೆ ಕೊಡಲು ಹೇಳಿಮಾಡಿಸಿದ ಚೆಂದದ ಪುಸ್ತಕಗಳು. ಒಂದರ ಅರ್ಥ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ನಮ್ಮ ಮಾತಲ್ಲಿ ಹೇಳುವುದಾದರೆ, ಪ್ರಕಾಶಕರು ಓದುಗರ ಕಿವಿ ಮೇಲೆ ಹೂ ಇಟ್ಟರು!

ಲಂಡನ್ನಿನಲ್ಲಿ ಕೇಟ್ ಗ್ರೀನವೇ ಎಂಬ ಚಿತ್ರಗಾರ್ತಿ 1884ರಲ್ಲಿ ತಂದ ನಿಘಂಟು ತುಂಬಾ ಪ್ರಸಿದ್ಧ. ಅದರಲ್ಲಿ ಹಳದಿ ಗುಲಾಬಿ ಎಂದರೆ ಇಳಿಯುತ್ತಿರುವ ಪ್ರೀತಿ, ಹೊಟ್ಟೆಕಿಚ್ಚು. ಇವತ್ತು ಅದೇ ಹೂ ಸ್ನೇಹವಾಗಿದೆ. ಇನ್ನು ನಮ್ಮ ಚೆಂಡು ಹೂವಿಗೆ ಅಲ್ಲಿ ಕೊಟ್ಟ ಅರ್ಥ ಕೇಳಿ: ಒರಟು ಮನಸ್ಸು! ಹೆಸರೂ ತಪ್ಪೇ. ಇಂಗ್ಲಿಷಿನವರು ಅದನ್ನು ಆಫ್ರಿಕಾದ ಹೂ ಅಂತ ಕರೆದರು, ಅದರ ತವರು ಮೆಕ್ಸಿಕೊ.

ದಸರೆಯ ಹಿಂದಿನ ದಿನ ದಾದರಿನ ಹೂವಿನ ಮಾರ್ಕೆಟ್ಟಿಗೆ ಹೋದವರಿಗೆ ಗೊತ್ತು, ಕಾಲಿಡಲು ಜಾಗವಿಲ್ಲದಷ್ಟು ಚೆಂಡು ಹೂ. ಬಾಗಿಲಿಗೆ, ಟ್ಯಾಕ್ಸಿಗೆ, ಮೆಷಿನ್ನಿಗೆ ಎಲ್ಲಕ್ಕೂ ಅದೇ. ಇಲ್ಲಿ ಅದು ಮಂಗಳ. ಹೆಚ್ಚುಕಮ್ಮಿ ಅದೇ ಕಾಲಕ್ಕೆ, ನವೆಂಬರ್ ಮೊದಲೆರಡು ದಿನ, ಮೆಕ್ಸಿಕೊದಲ್ಲಿ ಸತ್ತವರ ಆತ್ಮಗಳಿಗೆ ಮನೆಯ ದಾರಿ ತೋರಿಸಲು ಇದೇ ಹೂವಿನ ಎಸಳು ಚೆಲ್ಲುತ್ತಾರೆ. ಸೇವಂತಿಗೆಯೂ ಹಾಗೆಯೇ. ಫ್ರಾನ್ಸಿನಲ್ಲಿ ಅದು ಸಮಾಧಿಗೆ ಇಡುವ ಹೂ, ಯಾರ ಮನೆಗೂ ಒಯ್ಯುವಂತಿಲ್ಲ. ಹೂ ಏನೂ ಹೇಳುವುದಿಲ್ಲ ಸ್ವಾಮಿ, ಹೇಳಿಸುವವರು ನಾವು.

ಇಷ್ಟು ಬರೆದು ನಗುತ್ತಾ ಕೂತವನಿಗೆ ನಮ್ಮದೇ ನಿಘಂಟು ನೆನಪಾಯಿತು. ಅಚ್ಚಾಗದ ನಿಘಂಟು. ದೇವರು ಬಲಗಡೆ ಹೂ ಕೊಟ್ಟರೆ ಕೆಲಸ ಆಯಿತು. ಮನೆಗೆ ಬಂದ ಮುತ್ತೈದೆಗೆ ಹೂ ಕೊಡದೆ ಕಳಿಸಬಾರದು. ಗಂಡ ಸತ್ತವಳಿಗೆ ಕೊಡಬಾರದು. ಪ್ಯಾರಿಸ್ಸಿನ ಪುಸ್ತಕವನ್ನು ಮುಚ್ಚಿಡಬಹುದು, ಇದನ್ನು ಮುಚ್ಚುವುದು ಹೇಗೆ?

ಅಪ್ಪ ಹೋದ ಮೇಲೆ ಅಮ್ಮನನ್ನು ಊರಿಂದ ಇಲ್ಲಿಗೆ ಕರೆತಂದೆ. ಆ ಸಂಕ್ರಾಂತಿಗೆ ಬಿಲ್ಡಿಂಗಿನ ಒಂದು ಮನೆಯಲ್ಲಿ ಹಳದಿ-ಕುಂಕು. ಮೊಮ್ಮಗಳ ಜೊತೆ ಅಮ್ಮನೂ ಹೋಗಿದ್ದಳು. ಹೂವಿನ ತಟ್ಟೆ ಸಾಲಿನಲ್ಲಿ ಬರುತ್ತಾ ಬರುತ್ತಾ ಅಮ್ಮನ ಹತ್ತಿರ ಬಂದಾಗ ಮೆಲ್ಲಗೆ ದಾಟಿ ಮುಂದೆ ಹೋಯಿತಂತೆ. ಯಾರೂ ಏನೂ ಅನ್ನಲಿಲ್ಲ. ಮನೆಗೆ ಬಂದು ಮಗಳು ಕೇಳಿದಳು, "ಅಜ್ಜಿಗೆ ಯಾಕೆ ಕೊಡಲಿಲ್ಲ ಪಪ್ಪಾ?" ಊರಲ್ಲಿ ಹಿತ್ತಲ ಮಲ್ಲಿಗೆ ಬಿಡಿಸಿ ಕೇರಿಗೆಲ್ಲ ಹಂಚುತ್ತಿದ್ದವಳು ನನ್ನಮ್ಮ.

2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ, ಗಂಡ ಸತ್ತವಳ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ಇನ್ನು ಬೇಡ ಎಂದು ನಿರ್ಣಯ ಮಾಡಿತು. ಬೇರೆ ಊರುಗಳೂ ಹೀಗೇ ಮಾಡಲಿ ಎಂದು ಮಹಾರಾಷ್ಟ್ರ ಸರಕಾರ ಅದೇ ತಿಂಗಳು ಸುತ್ತೋಲೆ ಕಳಿಸಿತು. ನಮ್ಮ ಗಡಿಗೆ ಅಂಟಿಕೊಂಡಂತಿರುವ ಒಂದು ಹಳ್ಳಿ ನಿಘಂಟಿನ ಒಂದು ಪುಟ ಹರಿದುಹಾಕಿತು. ಮನುಷ್ಯರು ಬರೆದದ್ದನ್ನು ಮನುಷ್ಯರೇ ತಿದ್ದಬಹುದು ಅಂತ ಆಯಿತಲ್ಲ.

ಹೋದ ವಾರ ಮಾಟುಂಗಾದಿಂದ, ನಮ್ಮ ಕಡೆಯವರ ಹಾಗೆ ಒತ್ತಾಗಿ ಕಟ್ಟಿದ ಎರಡು ಮೊಳ ಮಲ್ಲಿಗೆ ತಂದೆ. ಒಂದನ್ನು ಅಮ್ಮನ ಕೈಗಿಟ್ಟೆ.

"ದೇವರಿಗಾ?"

"ಅಲ್ಲ, ನಿನಗೆ."

ಮುಡಿಯಲಿಲ್ಲ. ಸ್ವಲ್ಪ ಹೊತ್ತು ಮೂಸಿ, ಎಲೆಯಲ್ಲೇ ಸುತ್ತಿ ದಿಂಬಿನ ಪಕ್ಕ ಇಟ್ಟುಕೊಂಡಳು. ಬೆಳಿಗ್ಗೆ ನೋಡಿದರೆ ಹೂ ಬಾಡಿತ್ತು, ಅವಳು ಇನ್ನೂ ಎಸೆದಿರಲಿಲ್ಲ.