ಸೊಲೆನಾಯ್ಡ್ ಮಂಡಲಗಳ ದೋಷಪತ್ತೆ (ಸ್ವಯಂಚಾಲಿತ ಗೇರ್‌ಪೆಟ್ಟಿಗೆ)

ಸ್ವಯಂಚಾಲಿತ ಗೇರ್‌ಪೆಟ್ಟಿಗೆಯೊಳಗೆ ತೈಲದ ಹರಿವನ್ನೂ ಒತ್ತಡವನ್ನೂ ನಿಯಂತ್ರಿಸುವ ವಿದ್ಯುತ್ಕಾಂತೀಯ ಕವಾಟವೇ ಸೊಲೆನಾಯ್ಡ್. ಅದರ ಸುರುಳಿ, ತಂತಿ, ಕನೆಕ್ಟರ್ ಅಥವಾ ಅದನ್ನು ನಡೆಸುವ ಕಂಪ್ಯೂಟರಿನಲ್ಲಿ ತಲೆದೋರುವ ವಿದ್ಯುತ್ ದೋಷವನ್ನು ಗುರುತಿಸುವ ವಿಧಾನಗಳು ಮುಖ್ಯವಾಗಿ 1980ರ ನಂತರ ರೂಪುಗೊಂಡವು.

ಹಿನ್ನೆಲೆ: ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಒದಗಿಸಿದ ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರ್‌ಪೆಟ್ಟಿಗೆಯಲ್ಲಿ ಗೇರ್ ಬದಲಾವಣೆ ತೈಲದ ಒತ್ತಡದಿಂದಲೇ ನಡೆಯುತ್ತಿತ್ತು. ಹಾಗಾಗಿ ದೋಷ ಹುಡುಕಲು ಒತ್ತಡಮಾಪಕವೇ ಮುಖ್ಯ ಸಾಧನವಾಗಿತ್ತು. 1980ರ ದಶಕದ ಆರಂಭದಲ್ಲಿ ಇದೇ ಕಂಪನಿ ಎಂಜಿನ್ನನ್ನು ಗೇರ್‌ಪೆಟ್ಟಿಗೆಗೆ ಜೋಡಿಸುವ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಸೊಲೆನಾಯ್ಡನ್ನು ಎಂಜಿನ್ ಕಂಪ್ಯೂಟರಿನ ಹಿಡಿತಕ್ಕೆ ಒಪ್ಪಿಸಿತು. ಕಾರಿನ ಪರೀಕ್ಷಾ ಕನೆಕ್ಟರಿನ ಎರಡು ಟರ್ಮಿನಲ್‌ಗಳನ್ನು ತಂತಿಯಿಂದ ಕೂಡಿಸಿ, ಡ್ಯಾಶ್‌ಬೋರ್ಡ್ ದೀಪ ಎಷ್ಟು ಸಲ ಮಿನುಗುತ್ತದೆಂದು ಎಣಿಸಿ ದೋಷಸಂಕೇತ ಓದುವ ಪದ್ಧತಿ ಆಗ ಬಂತು.

ಸ್ವಯಂಪರೀಕ್ಷೆ: 1989ರ ಮಾದರಿಯ ಕಾರುಗಳಲ್ಲಿ ಬಂದ ಕ್ರೈಸ್ಲರ್‌ನ ಎ604 ಗೇರ್‌ಪೆಟ್ಟಿಗೆ ಸಂಪೂರ್ಣ ಎಲೆಕ್ಟ್ರಾನಿಕ್ ನಿಯಂತ್ರಣದ್ದು. ಗಂಭೀರ ದೋಷ ಕಂಡೊಡನೆ ಕಂಪ್ಯೂಟರ್ ರಿಲೇ ಮೂಲಕ ಸೊಲೆನಾಯ್ಡ್‌ಗಳ ವಿದ್ಯುತ್ತನ್ನು ಕಡಿಯುತ್ತಿತ್ತು. ಕಾರು ಎರಡನೆಯ ಗೇರಿನಲ್ಲೇ ಉಳಿಯುತ್ತಿತ್ತು. ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ. ಬೇರೆ ಬೇರೆ ದೋಷಗಳಿಗೂ ಹೊರಗೆ ಕಾಣುವ ಲಕ್ಷಣ ಒಂದೇ ಆದ್ದರಿಂದ, ಓಡಿಸಿ ನೋಡಿ ಕಾರಣ ಊಹಿಸುವ ಹಳೆಯ ಅಭ್ಯಾಸ ಇಲ್ಲಿ ನಡೆಯಲಿಲ್ಲ.

ಕಂಪ್ಯೂಟರ್ ಇಂಥ ದೋಷವನ್ನು ಗುರುತಿಸುವುದು ವೋಲ್ಟೇಜ್ ನೋಡಿ. ಬಹಳಷ್ಟು ವಿನ್ಯಾಸಗಳಲ್ಲಿ, ಗೇರ್‌ಪೆಟ್ಟಿಗೆ ಸಹಜವಾಗಿ ಕೆಲಸ ಮಾಡುವಾಗ ಸುರುಳಿಯ ಒಂದು ತುದಿಗೆ ಬ್ಯಾಟರಿಯ ವೋಲ್ಟೇಜ್ ಇರುತ್ತದೆ. ಕಂಪ್ಯೂಟರ್ ಇನ್ನೊಂದು ತುದಿಯನ್ನು ಅರ್ಥ್‌ಗೆ ಕೂಡಿಸಿ ಸುರುಳಿಯನ್ನು ಚಾಲೂ ಮಾಡುತ್ತದೆ. ಸುರುಳಿ ಆಫ್ ಇದ್ದಾಗ ಕಂಪ್ಯೂಟರ್ ಬದಿಯಲ್ಲಿ ಸುಮಾರು 12 ವೋಲ್ಟ್ ಕಾಣಬೇಕು. ಕಾಣದಿದ್ದರೆ ತಂತಿ ತುಂಡಾಗಿದೆ ಅಥವಾ ಅರ್ಥ್‌ಗೆ ತಗುಲಿದೆ. ಆನ್ ಮಾಡಿದ ಮೇಲೂ ವೋಲ್ಟೇಜ್ ಇಳಿಯದಿದ್ದರೆ ಬ್ಯಾಟರಿ ಬದಿಗೆ ಶಾರ್ಟ್ ಆಗಿರುವ ಸಂಶಯ ಬರುತ್ತದೆ.

ಏಕರೂಪ ಸಂಕೇತಗಳು: ಅಮೆರಿಕದಲ್ಲಿ 1996ರ ಮಾದರಿಯಿಂದ ಒಬಿಡಿ-2 ಎಂಬ ದೋಷಪತ್ತೆ ವ್ಯವಸ್ಥೆ ಕಡ್ಡಾಯವಾದಾಗ ಸಂಕೇತಗಳಿಗೆ ಏಕರೂಪ ಬಂತು. ಪಿ0751 ಮತ್ತು ಪಿ0752 ಗೇರ್ ಬದಲಿಸುವ ‘ಎ’ ಸೊಲೆನಾಯ್ಡಿನ ಕೆಲಸದ ಲೋಪವನ್ನು ಸೂಚಿಸಿದರೆ, ಪಿ0753 ಅದರ ವಿದ್ಯುತ್ ದೋಷವನ್ನು ಸೂಚಿಸುತ್ತದೆ. ಕವಾಟ ಕಸದಿಂದ ಕಚ್ಚಿಕೊಂಡಿದೆಯೋ ತಂತಿ ಕೆಟ್ಟಿದೆಯೋ ಎಂಬ ಭೇದ ಹೀಗೆ ಮೊದಲ ಹಂತದಲ್ಲೇ ತಿಳಿಯುವಂತಾಯಿತು. ಆದರೆ ಸಂಕೇತ ಹೇಳುವುದು ಯಾವ ಮಂಡಲವೆಂದು ಮಾತ್ರ. ಅದರ ಯಾವ ಭಾಗವೆಂದಲ್ಲ. ಅದಕ್ಕೆ ಮಲ್ಟಿಮೀಟರ್ ಬೇಕೇಬೇಕು. ಆನ್-ಆಫ್ ಮಾದರಿಯ ಸುರುಳಿಗಳ ರೋಧ ಸಾಮಾನ್ಯವಾಗಿ 10ರಿಂದ 30 ಓಮ್, ಒತ್ತಡ ನಿಯಂತ್ರಕ ಸುರುಳಿಗಳದು ಸುಮಾರು 5 ಓಮ್. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.4ರಷ್ಟು ಏರುವುದರಿಂದ 20 ಡಿಗ್ರಿಯಲ್ಲಿ 20 ಓಮ್ ತೋರಿದ ಸುರುಳಿ 100 ಡಿಗ್ರಿಯಲ್ಲಿ ಸುಮಾರು 26 ಓಮ್ ತೋರುವುದು ಸಹಜ. ತಣ್ಣಗಿದ್ದಾಗ ಸರಿಯಾಗಿದ್ದು, ಬಿಸಿಯಾದಾಗ ಮಾತ್ರ ಕಡಿದುಹೋಗುವ ಸುರುಳಿಗಳೂ ಇರುವುದರಿಂದ ಬಿಸಿಯಲ್ಲೂ ಅಳೆಯುತ್ತಾರೆ.

ಮೆಕಾಟ್ರಾನಿಕ್ ಯುಗ: 1996ರ ಮರ್ಸಿಡಿಸ್ 722.6 ಗೇರ್‌ಪೆಟ್ಟಿಗೆಯಲ್ಲಿ ಕನೆಕ್ಟರಿನ ಸೀಲು ಸೋರಿ, ತೈಲವು ಕೇಶಾಕರ್ಷಣದಿಂದ ತಂತಿಗಳೊಳಗೆ ಏರಿ ಹೊರಗಿದ್ದ ನಿಯಂತ್ರಕ ಕಂಪ್ಯೂಟರನ್ನು ತಲುಪುವುದು ಮೆಕ್ಯಾನಿಕ್‌ಗಳಿಗೆ ಪರಿಚಿತ ದೋಷ. 2001ರ ಜ಼ೆಡ್‌ಎಫ್ 6ಎಚ್‌ಪಿ26ರಲ್ಲಿ ಕಂಪ್ಯೂಟರೂ ಸೊಲೆನಾಯ್ಡ್‌ಗಳೂ ‘ಮೆಕಾಟ್ರಾನಿಕ್’ ಎಂಬ ಒಂದೇ ಘಟಕವಾಗಿ ಗೇರ್‌ಪೆಟ್ಟಿಗೆಯೊಳಗೆ ಸೇರಿದವು. ಇಂಥ ಘಟಕಗಳಲ್ಲಿ ಸುರುಳಿಯ ರೋಧವನ್ನು ಹೊರಗಿನ ಕನೆಕ್ಟರಿನಲ್ಲಿ ಅಳೆಯಲಾಗದು. ಹೊರಗಿನಿಂದ ಪರೀಕ್ಷಿಸಬಹುದಾದುದು ವಿದ್ಯುತ್ ಪೂರೈಕೆ, ಅರ್ಥ್ ಮತ್ತು ಸಂವಹನ ತಂತಿಗಳನ್ನಷ್ಟೆ. ಉಳಿದುದಕ್ಕೆ ಸ್ಕ್ಯಾನರಿನ ವರದಿಯೇ ಆಧಾರ.