ಸ್ವಗತವೂ ಸಾಕ್ಷ್ಯವೂ

ನಮ್ಮ ಪ್ರಾಚೀನ ನಾಟಕಗಳಲ್ಲಿ ಪಾತ್ರದ ಮಾತಿಗೆ 'ಪ್ರಕಾಶ', 'ಸ್ವಗತ' ಎಂಬ ಎರಡು ಸೂಚನೆಗಳುಂಟು. ಪರರು ಕೇಳಲೆಂದು ಆಡಿದುದು ಮೊದಲನೆಯದು. ತನ್ನೊಳಗೇ ಆಡಿಕೊಂಡುದು ಎರಡನೆಯದು. ತೋರಿಕೆಗೂ ನಿಜಕ್ಕೂ ಇರುವ ಅಂತರವನ್ನು ಈ ಎರಡು ಶಬ್ದಗಳೇ ಗುರುತಿಸುತ್ತವೆ.

ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ದುರಂತನಾಟಕದ ಮೂರನೆಯ ಅಂಕವನ್ನು ನೋಡೋಣ. ಅಣ್ಣನನ್ನು ಕೊಂದು ದೊರೆಯಾದ ಕ್ಲಾಡಿಯಸನು ಏಕಾಂತದಲ್ಲಿ ತನ್ನನ್ನೇ ವಿಚಾರಣೆಗೆ ಗುರಿಪಡಿಸಿಕೊಳ್ಳುತ್ತಾನೆ. ಅವನ ಸ್ವಗತದಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಏಳುತ್ತದೆ. ನ್ಯಾಯಸ್ಥಾನದ ಮಾತುಗಳು ಬರುತ್ತವೆ. ಕೊಲೆಯಿಂದ ಪಡೆದ ಕಿರೀಟವನ್ನೂ ರಾಣಿಯನ್ನೂ ಬಿಡದೆ ಕ್ಷಮೆ ಬೇಡುವುದೆಂತು? ಬಳಿಕ ಅವನು ಮಂಡಿಯೂರುತ್ತಾನೆ. ಹಿಂದೆ ಬಂದು ನಿಂತ ಹ್ಯಾಮ್ಲೆಟನಿಗೆ ಕಾಣುವುದು ಪ್ರಾರ್ಥಿಸುವ ದೇಹವೊಂದೇ. ಅವನು ಕತ್ತಿಯನ್ನು ಒರೆಗೆ ಸೇರಿಸುತ್ತಾನೆ. ಆ ಪ್ರಾರ್ಥನೆ ಬರಿಯ ಬಾಯಿಮಾತೆಂಬುದು ಪ್ರೇಕ್ಷಕರಿಗೆ ಮಾತ್ರ ತಿಳಿಯುತ್ತದೆ.

ಈ ನಾಟಕದ ವಸ್ತುವನ್ನು ಕುವೆಂಪು ಅವರು 'ರಕ್ತಾಕ್ಷಿ'ಯಲ್ಲಿ ಬಿದನೂರಿನ ಇತಿಹಾಸಕ್ಕೆ ಹೊಂದಿಸಿದರು. ಕೆಳದಿಯ ಬಸಪ್ಪನಾಯಕನ ವಿಧವೆ ವೀರಮ್ಮಾಜಿಯು ನಿಂಬಯ್ಯನೊಡನೆ ಕೂಡಿ, ದತ್ತಪುತ್ರನಾದ ಚೆನ್ನಬಸಪ್ಪನಾಯಕನನ್ನು ೧೭೫೭ರ ಸುಮಾರಿಗೆ ಕೊಲ್ಲಿಸಿದಳೆಂಬ ಅಪವಾದವು ಪ್ರಸಿದ್ಧವಾದುದು. ೧೮೧೦ರಿಂದ ಪ್ರಕಟವಾದ ತನ್ನ ಇತಿಹಾಸದಲ್ಲಿ ವಿಲ್ಕ್ಸನು ಅದನ್ನು ನಿರೂಪಿಸಿದ್ದಾನೆ.

ಆದರೆ ೧೭೬೩ರ ಸಂಗತಿಯೊಂದನ್ನು ಇಲ್ಲಿ ನೆನೆಯಬೇಕು. ತಾನೇ ಆ ಚೆನ್ನಬಸಪ್ಪನೆಂದು ಹೇಳಿಕೊಂಡ ಒಬ್ಬನನ್ನು, ನಮ್ಮ ನೆರೆಯ ಚಿತ್ರದುರ್ಗದ ನಾಯಕನು ಹೈದರಾಲಿಗೆ ಪರಿಚಯಿಸಿದನು. ಅವನಿಗೆ ಪಟ್ಟ ಕಟ್ಟಿಸುವ ನೆವದಿಂದ ಹೈದರನು ಬಿದನೂರನ್ನು ಹಿಡಿದನು. ಕೊನೆಗೆ ರಾಣಿಯೂ ಆ ಹಕ್ಕುದಾರನೂ ಮಧುಗಿರಿಯ ದುರ್ಗದಲ್ಲಿ ಸೆರೆಯಾದರು. ಕೊಲೆ ಕೈಗೂಡಿದುದು ನಿಜವಾದರೆ ಈತನು ಸುಳ್ಳು. ಈತನು ನಿಜವಾದರೆ ಆ ಕೊಲೆಯೇ ಸುಳ್ಳು. ದಂಡಯಾತ್ರೆಗೆ ಮಾತ್ರ ರಾಣಿಯ ಅಪರಾಧವೂ ಬೇಕಾಗಿತ್ತು, ಸತ್ತವನ ಜೀವವೂ ಬೇಕಾಗಿತ್ತು.

ರಾಣಿಯು ನಿರ್ದೋಷಿಯೆಂದು ನಾವು ಸಾಧಿಸುತ್ತಿಲ್ಲ. ಅವಳನ್ನು ಕುರಿತು ನಮಗೆ ಉಳಿದುಬಂದಿರುವುದೆಲ್ಲ 'ಪ್ರಕಾಶ'ವೇ, ಅದೂ ಪರರ ಬಾಯಿಯದು ಎಂಬುದಷ್ಟೇ ನಮ್ಮ ಅಭಿಪ್ರಾಯ. ಅವಳ ಸ್ವಗತವನ್ನು ಯಾರೂ ಕೇಳಲಿಲ್ಲ. ಕವಿಯು ಪಾತ್ರದ ಎದೆಯನ್ನು ತೆರೆದು ತೋರಿಸಬಲ್ಲನು. ಅದು ಅವನ ಅಧಿಕಾರ. ಇತಿಹಾಸಕಾರನಾದರೋ ಮಂಡಿಯೂರಿದವನ ಬೆನ್ನ ಹಿಂದೆ ನಿಂತ ಹ್ಯಾಮ್ಲೆಟನಂತೆ ಹೊರಗನ್ನು ಮಾತ್ರ ಕಾಣುವವನು. ವಿದ್ಯಾರ್ಥಿಗಳು ನಾಟಕವನ್ನು ಮನದಣಿಯೆ ಓದಲಿ. ರಂಗದ ಮೇಲೆ ಕೇಳಿದ ಅಂತರಂಗವನ್ನು ಮಾತ್ರ ಇತಿಹಾಸದ ಕಟಕಟೆಗೆ ಸಾಕ್ಷ್ಯವಾಗಿ ತರದಿರಲಿ.