ಹಲಗೆಯ ಮೇಲಿನ ಒಂದು ಸಾಲು

ನಮ್ಮೂರ ಪಂಚಾಯ್ತಿ ಕಚೇರಿಯ ಗೋಡೆಯಲ್ಲಿ ಅಧ್ಯಕ್ಷರಾದವರ ಹೆಸರಿನ ಹಲಗೆಯಿದೆ. ನಡುವೆ ‘ಆಡಳಿತಾಧಿಕಾರಿ’ ಎಂಬ ಸಾಲು. ಚಿಕ್ಕಂದಿನಲ್ಲಿ ಅದೂ ಯಾರದೋ ಹೆಸರೆಂದುಕೊಂಡಿದ್ದೆ.

ಚರಿತ್ರೆ ಓದಿದ ಮೇಲೆ ಆ ಸಾಲು ಅರ್ಥವಾಯಿತು. ಅಬ್ದುಲ್ ನಜೀರ್ ಸಾಬ್ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆಯಡಿ, 1987ರ ಜನವರಿಯಲ್ಲಿ ಕರ್ನಾಟಕದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. 1992ರಲ್ಲಿ ಸದಸ್ಯರ ಐದು ವರ್ಷ ಮುಗಿದಾಗ ಹೊಸ ಸದಸ್ಯರು ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು.

1993ರಲ್ಲಿ ಜಾರಿಯಾದ ಸಂವಿಧಾನದ 73ನೇ ತಿದ್ದುಪಡಿ ಈ ರೋಗಕ್ಕೆ ಮದ್ದು ಅರೆಯಿತು. 243ಇ ವಿಧಿಯಂತೆ ಪಂಚಾಯ್ತಿಯ ಅವಧಿ ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅದು ತೀರುವ ಮೊದಲೇ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆ. ಹಾಗೆ ಬಂದವರಿಗೆ ಉಳಿದ ಅವಧಿ ಮಾತ್ರ. ನಗರಗಳಿಗೆ 74ನೇ ತಿದ್ದುಪಡಿಯ 243ಯು ವಿಧಿ ಇದನ್ನೇ ಹೇಳುತ್ತದೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಗಡುವು ಮೀರುವಂತಿಲ್ಲ ಎಂದಿತು.

ಆದರೂ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಬೆಂಗಳೂರಿಗೆ ಬಂದದ್ದು ಆಡಳಿತಾಧಿಕಾರಿಯೇ. ಇಡೀ ಐದು ವರ್ಷ ಚುನಾವಣೆಯಿಲ್ಲದೆ ಕಳೆಯಿತು. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು.

ಸದಸ್ಯರನ್ನು ಇಳಿಸುವ ನಿಯಮವನ್ನು ಸರ್ಕಾರಗಳು ದಿನ ತಪ್ಪದೆ ಪಾಲಿಸುತ್ತವೆ. ಮತದಾರರನ್ನು ಕರೆಯುವ ನಿಯಮಕ್ಕೆ ಮಾತ್ರ ಜನ ಕೋರ್ಟಿನ ಮೆಟ್ಟಿಲು ಹತ್ತಬೇಕು. ಎರಡೂ ಇರುವುದು ಒಂದೇ ವಿಧಿಯಲ್ಲಿ. ಈಗ ಆ ಹಲಗೆ ನೋಡಿದಾಗಲೆಲ್ಲ ನನಗೆ ಕಾಣುವುದು ನಮ್ಮೂರು ಹಾಕದೇ ಉಳಿದ ಮತಗಳು.